ಹೊಳೆಯಲ್ಲಿ ಕಿವುಚಿದ ಹುಣಸೆಹಣ್ಣೇ ನನ್ನ ಓಟು?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ ಇಪ್ಪತ್ತೇಳು ವರ್ಷ. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. 2023ರ ವಿಧಾನಸಭೆ ಚುನಾವಣೆಯಲ್ಲಿ ದೊಡ್ಡ ಪಕ್ಷಗಳನ್ನೆಲ್ಲ ಬಿಟ್ಟು ಸಣ್ಣ ಪಕ್ಷವೊಂದರ ಅಭ್ಯರ್ಥಿಗೆ ಓಟು ಹಾಕಿದೆ. ನಮ್ಮೂರ ಕೆರೆಯ ಒತ್ತುವರಿ ತೆರವಾಗಲಿ ಎಂದು ಆರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು ಅವರು. ಅವರಿಗೆ ಬಂದದ್ದು ಸಾವಿರದ ನೂರು ಚಿಲ್ಲರೆ ಓಟು, ಠೇವಣಿಯೂ ಹೋಯಿತು. ಅಂದಿನಿಂದ ಚುನಾವಣೆಯ ಮಾತು ಬಂದಾಗಲೆಲ್ಲ ಅಪ್ಪ, ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ನಿನ್ನ ಓಟು’ ಎನ್ನುತ್ತಾರೆ. ನನ್ನ ಭಾವನವರಂತೂ, ‘ನಿನ್ನಂಥವರಿಂದಲೇ ನಮ್ಮವರು ಸೋತದ್ದು’ ಎಂದು ಗೌರಿ ಹಬ್ಬದ ದಿನ ಎಲ್ಲರೆದುರು ಅಂದುಬಿಟ್ಟರು. ಮುಂದಿನ ಸಲವೂ ಆ ಅಭ್ಯರ್ಥಿಯೇ ನಿಲ್ಲುತ್ತಾರಂತೆ. ನಾನು ತಪ್ಪು ಮಾಡಿದೆನೇ? — ಹೆಸರು, ಊರು ಬೇಡ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಇದು: ನಿಮ್ಮ ತಂದೆ ಮತ್ತು ನಿಮ್ಮ ಭಾವ ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆಂದು ನೀವು ತಿಳಿದಿದ್ದೀರಿ. ಹಾಗಿಲ್ಲ. ನಿಮ್ಮ ಓಟಿನಿಂದ ಏನೂ ಆಗಲಿಲ್ಲ ಎಂಬುದು ತಂದೆಯ ಮಾತು. ನಿಮ್ಮ ಓಟಿನಿಂದ ಒಬ್ಬರು ಸೋತೇಹೋದರು ಎಂಬುದು ಭಾವನ ಮಾತು. ಒಂದೇ ಓಟು ಎರಡೂ ಆಗಲು ಸಾಧ್ಯವಿಲ್ಲ. ಎರಡನ್ನೂ ಬೇರೆಬೇರೆ ಇಟ್ಟು ನೋಡೋಣ.

ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವಳು ನಾನು. ಶಿಕ್ಷಕಿಯಾದವಳಿಗೆ ಚುನಾವಣಾ ಕರ್ತವ್ಯ ತಪ್ಪುವುದಿಲ್ಲ. ಮತಗಟ್ಟೆಯಲ್ಲೂ ಕುಳಿತಿದ್ದೇನೆ, ಎಣಿಕೆಯ ಮೇಜಿನಲ್ಲೂ ಕುಳಿತಿದ್ದೇನೆ. ಆದ್ದರಿಂದ ಓಟಿನ ಬೆಲೆಯ ಮಾತು ಬಂದರೆ ನನಗೆ ನಮ್ಮ ಜಿಲ್ಲೆಯ ಸಂತೇಮರಹಳ್ಳಿಯೇ ನೆನಪಾಗುತ್ತದೆ.

2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು ಬಂದವು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದು. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ಓಟು ಹಾಕಲು ಬಿಡುವು ಸಿಗಲಿಲ್ಲ ಎಂಬ ಮಾತು ನಮ್ಮ ಕಡೆ ಇಂದಿಗೂ ಓಡಾಡುತ್ತದೆ. ಫಲಿತಾಂಶ ಬಂದ ವಾರ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಬೇರೆ ಅಭ್ಯರ್ಥಿಗೆ ಓಟು ಹಾಕಿದ್ದ ಸಹೋದ್ಯೋಗಿಯೊಬ್ಬರನ್ನು ಎರಡೂ ಕಡೆಯವರು ಸೇರಿ ಹಿಂಡಿಬಿಟ್ಟರು. ನೀವು ಇತ್ತ ಬಂದಿದ್ದರೆ, ನೀವು ಅತ್ತ ಹೋಗಿದ್ದರೆ ಎಂದು. ಪಾಪ, ಅವರು ಯಾರಿಗೂ ಸಾಲಗಾರರಾಗಿರಲಿಲ್ಲ.

ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಪಕ್ಕದ ಕೊಳ್ಳೇಗಾಲದಲ್ಲಿ ಬಹುಜನ ಸಮಾಜ ಪಕ್ಷದಿಂದ ಎನ್. ಮಹೇಶ್ ನಿಲ್ಲುತ್ತಿದ್ದರು, ಸೋಲುತ್ತಿದ್ದರು. ಅವರಿಗೆ ಓಟು ಹಾಕುವವರಿಗೂ ನಿಮ್ಮ ತಂದೆಯ ಮಾತನ್ನೇ ಹೇಳುತ್ತಿದ್ದರು. 2013ರಲ್ಲಿ ಅವರು ಎರಡನೆಯ ಸ್ಥಾನಕ್ಕೆ ಬಂದರು. 2018ರಲ್ಲಿ ಜನತಾದಳದ ಮೈತ್ರಿಯೊಂದಿಗೆ ಗೆದ್ದರು, ಗೆದ್ದು ಶಿಕ್ಷಣ ಸಚಿವರೂ ಆದರು. ಆ ಸಲ ಅವರೆದುರು ಸೋತವರು, ಕಾಂಗ್ರೆಸ್ಸಿಗೆ ಬಂದಿದ್ದ ಅದೇ ಕೃಷ್ಣಮೂರ್ತಿ. ಹಿಂದೆ ಸೋತ ಸಲಗಳಲ್ಲಿ ಮಹೇಶ್ ಅವರಿಗೆ ಬಿದ್ದ ಓಟುಗಳನ್ನು ವ್ಯರ್ಥ ಎನ್ನುವುದು ಹೇಗೆ? ಆ ಓಟುಗಳಿಲ್ಲದಿದ್ದರೆ 2013ರ ಎರಡನೆಯ ಸ್ಥಾನವಿರಲಿಲ್ಲ. ಎರಡನೆಯ ಸ್ಥಾನ ಸಿಕ್ಕದಿದ್ದರೆ ಯಾವ ಪಕ್ಷ ಅವರ ಬಾಗಿಲಿಗೆ ಮೈತ್ರಿ ಕೇಳಿಕೊಂಡು ಬರುತ್ತಿತ್ತು?

ಈ ಕಥೆಯ ಕಹಿ ಭಾಗವನ್ನೂ ಹೇಳಬೇಕು. 2019ರಲ್ಲಿ ವಿಶ್ವಾಸಮತದ ಹೊತ್ತಿಗೆ ಮಹೇಶ್ ಸದನಕ್ಕೆ ಹೋಗಲಿಲ್ಲ, ಪಕ್ಷ ಅವರನ್ನು ಉಚ್ಚಾಟಿಸಿತು. 2021ರಲ್ಲಿ ಅವರು ಬಿಜೆಪಿ ಸೇರಿದರು. 2023ರಲ್ಲಿ ಮಹೇಶ್ ಅದೇ ಕೃಷ್ಣಮೂರ್ತಿಯವರೆದುರು 59 ಸಾವಿರಕ್ಕೂ ಹೆಚ್ಚು ಓಟುಗಳಿಂದ ಸೋತರು. ವರ್ಷಗಟ್ಟಲೆ ಸೋಲಿನಲ್ಲೂ ಜೊತೆಗಿದ್ದು, ಗೆದ್ದ ಮೇಲೆ ತಮ್ಮ ನಾಯಕನನ್ನೇ ಕಳೆದುಕೊಂಡ ಆ ಮೊದಲ ಮತದಾರರ ಸಂಕಟ ನನಗೆ ಅರ್ಥವಾಗುತ್ತದೆ. ಸಣ್ಣ ಪಕ್ಷವೆಂದ ಮಾತ್ರಕ್ಕೆ ಅದು ಶುದ್ಧವೆಂದು ನಂಬಿ ಓಟು ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಈಗ ನಿಮ್ಮ ತಂದೆಯ ಮಾತಿಗೆ ಬರುತ್ತೇನೆ. ಸೋತವರಿಗೆ ಬಿದ್ದ ಓಟೆಲ್ಲ ಹೊಳೆಪಾಲು ಎನ್ನುವುದಾದರೆ, 2013ರಲ್ಲಿ ಈ ರಾಜ್ಯದಲ್ಲಿ ಸರ್ಕಾರ ರಚಿಸಿದ ಕಾಂಗ್ರೆಸ್ಸಿಗೆ ಬಂದದ್ದು ಶೇಕಡ 36.6ರಷ್ಟು ಓಟು. ಅಷ್ಟರಲ್ಲೇ 224ರಲ್ಲಿ 122 ಸ್ಥಾನ ಬಂದವು. ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಬೇರೆಯವರಿಗೆ ಹಾಕಿದ್ದರು. ಅವರೆಲ್ಲ ಹುಣಸೆಹಣ್ಣು ಕಿವುಚಲು ಹೊಳೆಗೆ ಹೋಗಿದ್ದವರೇ? 2018ರಲ್ಲಂತೂ ಬಿಜೆಪಿಗಿಂತ ಹೆಚ್ಚು ಶೇಕಡಾವಾರು ಓಟು ಪಡೆದ ಕಾಂಗ್ರೆಸ್ಸಿಗೆ ಅದಕ್ಕಿಂತ ಕಡಿಮೆ ಸ್ಥಾನ ಸಿಕ್ಕವು, 37 ಸ್ಥಾನ ಗೆದ್ದ ಮೂರನೆಯ ಪಕ್ಷದವರು ಮುಖ್ಯಮಂತ್ರಿಯಾದರು. ಹೆಚ್ಚು ಓಟು ಬಂದವನು ಗೆದ್ದ ಎಂಬ ನಮ್ಮ ಪದ್ಧತಿಯಲ್ಲಿ ಲೆಕ್ಕ ಹೀಗೆಲ್ಲ ಹೊರಳುತ್ತದೆ. ಇನ್ನು 59 ಸಾವಿರದ ಅಂತರದಲ್ಲಿ ಗೆದ್ದ ಕಡೆ, ಗೆದ್ದವರ ಪೆಟ್ಟಿಗೆಯಲ್ಲೂ ಅಷ್ಟು ಓಟು ಹೆಚ್ಚುವರಿಯೇ ಆಯಿತಲ್ಲ? ಅವನ್ನು ಹಾಕಿದವರನ್ನು ಯಾರೂ ಹಬ್ಬದ ದಿನ ಎಲ್ಲರೆದುರು ಹಂಗಿಸುವುದಿಲ್ಲ.

ನಿಮ್ಮ ತಂದೆಯವರಿಗೆ ಎಂಬತ್ತರ ದಶಕ ನೆನಪಿರಬಹುದು. ಬಿಜೆಪಿ 1983ರಲ್ಲಿ 18 ಸ್ಥಾನ ಗೆದ್ದು, 1985ರಲ್ಲಿ ಎರಡಕ್ಕೆ ಇಳಿಯಿತು. 1989ರಲ್ಲಿ ನಾಲ್ಕು. ಆಗ ಅದಕ್ಕೆ ಓಟು ಹಾಕಿದವರಿಗೂ ಇದೇ ಬುದ್ಧಿಮಾತು ಸಿಗುತ್ತಿತ್ತು, ನಾನೇ ಕೇಳಿದ್ದೇನೆ. 1994ರಲ್ಲಿ 40, 2004ರಲ್ಲಿ 79, 2008ರಲ್ಲಿ 110. ಆ ಪಕ್ಷ ನಿಮಗೆ ಹಿಡಿಸಲಿ ಬಿಡಲಿ, 1985ರ ಓಟುಗಳು ಎಲ್ಲಿಗೋ ಹರಿದುಹೋಗಲಿಲ್ಲ. ಪಾಂಡವಪುರ, ಮೇಲುಕೋಟೆಯ ಕಡೆ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಶಾಸಕರಾದರು, ಮತ್ತೆ ಶಾಸಕರಾದದ್ದು 2013ರಲ್ಲಿ. ನಡುವಿನ ಹತ್ತೊಂಬತ್ತು ವರ್ಷ ಹಸಿರು ಶಾಲಿನ ಜೊತೆ ನಿಂತವರು ಗೆದ್ದೆತ್ತಿನ ಬಾಲ ಹಿಡಿಯಲಿಲ್ಲ.

ಎಣಿಕೆಯ ಮೇಜಿನಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ. 2008ರ ಮೇ ತಿಂಗಳು. ಎಣಿಕೆ ಕೊಠಡಿಯಲ್ಲಿ ನಮ್ಮ ಮೇಜಿಗೂ ಏಜೆಂಟರಿಗೂ ನಡುವೆ ತಂತಿಬಲೆ ಇರುತ್ತದೆ. ಯಂತ್ರದ ಮುದ್ರೆಗಳನ್ನು ಅವರಿಗೆ ತೋರಿಸಿ, ಫಲಿತಾಂಶದ ಗುಂಡಿ ಒತ್ತಿ, ಒಬ್ಬೊಬ್ಬ ಅಭ್ಯರ್ಥಿಯ ಅಂಕಿ ಮೂಡುವಾಗ ಯಂತ್ರವನ್ನು ಬಲೆಯ ಕಡೆ ತಿರುಗಿಸಿ ಹಿಡಿಯಬೇಕು. ನಮ್ಮ ಮೇಜಿನ ಎದುರು ಏಳನೆಯ ಕ್ರಮಸಂಖ್ಯೆಯ ಸಣ್ಣ ಅಭ್ಯರ್ಥಿಯೊಬ್ಬರ ಏಜೆಂಟು, ಅರವತ್ತು ದಾಟಿದ ರೈತರು ಕುಳಿತಿದ್ದರು. ಕೈಯಲ್ಲಿ ಶಾಲಾ ಮಕ್ಕಳ ನೂರು ಪುಟದ ನೋಟ್‌ಬುಕ್ಕು. ಪುಟದ ಎಡಕ್ಕೆ ಮೊದಲೇ ಊರುಗಳ ಹೆಸರು ಬರೆದು ತಂದಿದ್ದರು. ಏಳನೆಯ ಅಂಕಿ ಮೂಡಿದಾಗ ಆ ಊರಿನ ಮುಂದೆ ಬರೆಯುವರು: ಮೂರು. ಸೊನ್ನೆ. ಹನ್ನೊಂದು. ಆರು. ನಾಲ್ಕನೆಯ ಸುತ್ತಿಗೆ ಇನ್ನೊಂದು ಪಕ್ಷದ ಏಜೆಂಟು ಹಿನ್ನಡೆ ಕಂಡು ಎದ್ದುಹೋದ. ಈ ಯಜಮಾನರು ಕೊನೆಯ ಸುತ್ತಿನವರೆಗೂ ಅಲುಗಲಿಲ್ಲ. ಮಧ್ಯಾಹ್ನ ಚಿತ್ರಾನ್ನದ ಪೊಟ್ಟಣ ಬಂದಾಗ ನಾನು ಕೇಳಿದೆ, ‘ಯಜಮಾನರೇ, ಸೋತದ್ದು ಗೊತ್ತಾಗಿದೆಯಲ್ಲ, ಇನ್ನೂ ಏಕೆ ಬರೆಯುತ್ತೀರಿ?’ ಅವರು ಹನ್ನೊಂದು ಓಟು ಬಂದ ಊರಿನ ಮೇಲೆ ಬೆರಳಿಟ್ಟು, ‘ನಾಳೆ ಈ ಊರಿಗೆ ಹೋಗಬೇಕು ತಾಯಿ. ಅಲ್ಲಿ ನನಗೆ ಗೊತ್ತಿದ್ದವರು ಇಬ್ಬರೇ. ಇನ್ನೂ ಒಂಬತ್ತು ಜನ ಇದ್ದಾರೆ’ ಎಂದರು.

ನಿಮ್ಮ ಕ್ಷೇತ್ರದ ಆ ಸಾವಿರದ ನೂರು ಚಿಲ್ಲರೆಯನ್ನೂ ಹೀಗೆ ಯಾರೋ ಒಬ್ಬರು ಊರೂರಿನ ಲೆಕ್ಕದಲ್ಲಿ ಬರೆದುಕೊಂಡಿರುತ್ತಾರೆ. ಅವರು ಬರೆಯದಿದ್ದರೂ ಚುನಾವಣಾ ಆಯೋಗ ಬರೆದಿಡುತ್ತದೆ. ನಮೂನೆ 20 ಎಂಬ ಪಟ್ಟಿಯಲ್ಲಿ ಪ್ರತಿ ಮತಗಟ್ಟೆಯಲ್ಲೂ ಪ್ರತಿ ಅಭ್ಯರ್ಥಿಗೆ ಎಷ್ಟು ಓಟು ಬಂತು ಎಂಬುದಿರುತ್ತದೆ, ಯಾರು ಬೇಕಾದರೂ ನೋಡಬಹುದು. ಒಂದು ಪಕ್ಷ ಒಂದೂ ಸ್ಥಾನ ಗೆಲ್ಲದಿದ್ದರೂ, ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದ ಒಟ್ಟು ಸಿಂಧು ಮತಗಳಲ್ಲಿ ಶೇಕಡ 8 ಪಡೆದರೆ ಅದಕ್ಕೆ ರಾಜ್ಯ ಪಕ್ಷದ ಮಾನ್ಯತೆ ಸಿಗುತ್ತದೆ, ಸ್ವಂತ ಚಿಹ್ನೆ ಉಳಿಯುತ್ತದೆ. ಠೇವಣಿ ಉಳಿಯಲು ಕ್ಷೇತ್ರದ ಸಿಂಧು ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಅದು ದೊಡ್ಡ ಮೆಟ್ಟಿಲು ನಿಜ. ಠೇವಣಿ ಹೋದದ್ದು ಅಭ್ಯರ್ಥಿಯ ಹತ್ತು ಸಾವಿರ ರೂಪಾಯಿ, ನಿಮ್ಮ ಓಟಿನ ಮಾನವಲ್ಲ.

ವ್ಯರ್ಥವಾದ ಓಟು ಎಂದರೆ ಏನೆಂದು ನನಗೆ ಗೊತ್ತಿದೆ, ಏಕೆಂದರೆ ನನ್ನದೇ ಒಂದು ಹೋಗಿದೆ. ಕರ್ತವ್ಯದ ಮೇಲಿರುವ ನಮಗೆ ಅಂಚೆ ಮತಪತ್ರ. ಗುರುತು ಮಾಡಿದ ಮತಪತ್ರವನ್ನು ಸಣ್ಣ ಲಕೋಟೆಗೆ ಹಾಕಿ ಅಂಟಿಸಬೇಕು. ಅಧಿಕಾರಿಯ ಸಹಿ ಮಾಡಿಸಿದ 13ಎ ಘೋಷಣಾ ಪತ್ರವನ್ನು ಪ್ರತ್ಯೇಕವಾಗಿ ದೊಡ್ಡ ಲಕೋಟೆಗೆ ಹಾಕಬೇಕು. ಒಂದು ಸಲ ಅವಸರದಲ್ಲಿ ಎರಡನ್ನೂ ಸಣ್ಣ ಲಕೋಟೆಯಲ್ಲೇ ಇಟ್ಟು ಅಂಟಿಸಿಬಿಟ್ಟೆ. ರಾತ್ರಿ ಊಟಕ್ಕೆ ಕುಳಿತಾಗ ಹೊಳೆಯಿತು. ದೊಡ್ಡ ಲಕೋಟೆಯಲ್ಲಿ ಘೋಷಣೆ ಕಾಣದಿದ್ದರೆ ಒಳಗಿನದನ್ನು ತೆರೆಯುವುದೇ ಇಲ್ಲ, ಹಾಗೆಯೇ ತಿರಸ್ಕರಿಸುತ್ತಾರೆ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ಸಲ ನಾನು ಗುರುತು ಹಾಕಿದ್ದವರು ಗೆದ್ದರು. ಊರೆಲ್ಲ ಪಟಾಕಿ ಹೊಡೆದರು. ಆ ಗೆಲುವಿನ ಲೆಕ್ಕದಲ್ಲಿ ನನ್ನ ಓಟು ಇರಲಿಲ್ಲ.

ಇನ್ನು ಭಾವನ ಮಾತು. ಇದನ್ನು ತಂದೆಯ ಮಾತಿನಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಓಟು ಹಂಚಿಹೋದರೆ ಫಲಿತಾಂಶ ಬದಲಾಗುವುದು ನಿಜ. 2013ರಲ್ಲಿ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ ಗೆದ್ದದ್ದು ಆರೇ ಸ್ಥಾನ, ಪಡೆದದ್ದು ಶೇಕಡ ಹತ್ತರ ಹತ್ತಿರ ಓಟು. 110 ಇದ್ದ ಬಿಜೆಪಿ 40ಕ್ಕೆ ಇಳಿಯಿತು, ಮರುವರ್ಷದ ಆರಂಭದಲ್ಲೇ ಯಡಿಯೂರಪ್ಪನವರು ಪಕ್ಷಕ್ಕೆ ಮರಳಿದರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ನಂತರ ಉಳಿದ ಅಂತರ 16 ಓಟು. ಅಮೆರಿಕದಲ್ಲಿ 2000ದ ಅಧ್ಯಕ್ಷೀಯ ಚುನಾವಣೆ ಫ್ಲಾರಿಡಾ ರಾಜ್ಯದ 537 ಓಟುಗಳಲ್ಲಿ ಇತ್ಯರ್ಥವಾಯಿತು. ಅಲ್ಲಿ ಮೂರನೆಯ ಅಭ್ಯರ್ಥಿ ರಾಲ್ಫ್ ನೇಡರ್ ಅವರಿಗೆ 97 ಸಾವಿರಕ್ಕೂ ಹೆಚ್ಚು ಓಟು ಬಿದ್ದಿದ್ದವು, ಆ ಬಗ್ಗೆ ಅಲ್ಲಿಯವರು ಇಂದಿಗೂ ಜಗಳವಾಡುತ್ತಾರೆ.

ಹಾಗಾಗಿ ನಿಮ್ಮ ಕ್ಷೇತ್ರದ ಅಂಕಿ ತೆಗೆದು ನೋಡಿ. ಗೆದ್ದವರಿಗೂ ಭಾವನ ಪಕ್ಷದವರಿಗೂ ಅಂತರ ಎಷ್ಟಿತ್ತು? ಅದು ಸಾವಿರದ ನೂರಕ್ಕಿಂತ ಹೆಚ್ಚಿದ್ದರೆ, ನೀವೆಲ್ಲರೂ ಒಟ್ಟಾಗಿ ಅತ್ತ ಹೋಗಿದ್ದರೂ ಅವರು ಸೋಲುತ್ತಿದ್ದರು. ಭಾವನ ಮುಂದೆ ಆ ಎರಡು ಅಂಕಿ ಇಡಿ, ಸಾಕು. ಅಂತರ ಕಡಿಮೆಯಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: ನಿಮ್ಮ ಕೆರೆಯ ವಿಷಯವನ್ನು ಅವರ ಪಕ್ಷದವರು ಒಂದು ಸಲವಾದರೂ ಎತ್ತಿದ್ದರೇ? ಎತ್ತಿದ್ದರೆ ನಿಮ್ಮ ಓಟು ಅವರಿಗೆ ಸಿಗುತ್ತಿತ್ತೋ ಏನೋ. ಕೇಳದೆ, ಕೊಡದೆ, ಸೋತ ಮೇಲೆ ಅದು ತಮ್ಮದಾಗಿತ್ತು ಎನ್ನುವುದು ನ್ಯಾಯವಲ್ಲ.

ಆದರೆ ಒಂದು ಸಂದರ್ಭದಲ್ಲಿ ನಾನು ಬೇರೆ ಮಾತು ಹೇಳುತ್ತೇನೆ. ಮೊದಲ ಇಬ್ಬರ ನಡುವೆ ಪೈಪೋಟಿ ಬಿಗಿಯಾಗಿದೆ, ಅವರಲ್ಲಿ ಒಬ್ಬರು ಗೆದ್ದರೆ ನಿಮ್ಮ ಬದುಕಿಗೋ ನಿಮ್ಮ ನೆರೆಯವರ ಬದುಕಿಗೋ ನಿಜವಾದ ಪೆಟ್ಟು ಬೀಳುತ್ತದೆ ಎಂದು ನಿಮಗೆ ಮನವರಿಕೆಯಾಗಿದ್ದರೆ, ಆಗ ಅವರನ್ನು ತಡೆಯಬಲ್ಲ ಇನ್ನೊಬ್ಬರಿಗೆ ಹಾಕಿ. ಅದರಲ್ಲಿ ಹೇಡಿತನವಿಲ್ಲ. ಒಂದು ಚುನಾವಣೆಯಲ್ಲಿ ನಾನೂ ಹಾಗೆ ಮಾಡಿದ್ದೇನೆ, ನನ್ನ ಮನಸ್ಸಿನ ಅಭ್ಯರ್ಥಿಯನ್ನು ಬಿಟ್ಟು. ಅವರ ಮನೆಗೆ ಹೋಗಿ ಅದನ್ನು ಅವರಿಗೇ ಹೇಳಿದ್ದೆ. ಅವರು ಬೇಸರಿಸಲಿಲ್ಲ, ಮಜ್ಜಿಗೆ ಕೊಟ್ಟು ಕಳಿಸಿದರು.

ನಿಮ್ಮ ಅಭ್ಯರ್ಥಿಯ ಬಗ್ಗೆ ನನಗಿರುವ ಅನುಮಾನ ಒಂದೇ. ಸೋತ ಮೇಲೆ ಅವರು ಏನು ಮಾಡಿದ್ದಾರೆ? ನೀವು ಅದನ್ನು ಬರೆದಿಲ್ಲ. ಕೆರೆಯ ಕಡತ ಹಿಡಿದು ಇನ್ನೂ ಅಲೆಯುತ್ತಿದ್ದರೆ, ಒಂದು ದಿನ ಶಾಲೆಗೆ ರಜೆ ಹಾಕಿ ಅವರ ಜೊತೆ ಹೋಗಿ ಬನ್ನಿ, ಆಮೇಲೆ ಮುಂದಿನ ಸಲ ಯಾರಿಗೆಂದು ನನ್ನನ್ನು ಕೇಳಬೇಕಾಗಿ ಬರುವುದಿಲ್ಲ. ಚುನಾವಣೆ ಬಂದಾಗ ಮಾತ್ರ ಹಸಿರು ಶಾಲೋ ಹಳದಿ ಶಾಲೋ ಹೊದ್ದು ಹೊರಬರುವವರಾದರೆ, ಅವರಿಗೂ ನಿಮ್ಮ ಓಟು ಋಣವಲ್ಲ.

ಪ್ರಶ್ನೆ: ಸಣ್ಣ ಪಕ್ಷಕ್ಕೆ ಹಾಕುವ ಬದಲು ನೋಟಾ ಒತ್ತಿದರೆ ಸಿಟ್ಟು ಸರಿಯಾಗಿ ಮುಟ್ಟುವುದಿಲ್ಲವೇ? — ನಿವೃತ್ತ ಬಸ್ ನಿರ್ವಾಹಕ, ಧಾರವಾಡ

ಉತ್ತರ: ಸಿಟ್ಟು ಮುಟ್ಟುತ್ತದೆ, ಅಷ್ಟೇ. 2013ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನೋಟಾ ಗುಂಡಿ ಬಂತು. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಓಟು ಬಂದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರೇ ಗೆದ್ದಂತೆ. 2024ರಲ್ಲಿ ಮಧ್ಯಪ್ರದೇಶದ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ 2 ಲಕ್ಷ 18 ಸಾವಿರಕ್ಕೂ ಹೆಚ್ಚು ಜನ ನೋಟಾ ಒತ್ತಿದರು, ಗೆದ್ದವರು ನಿರಾಯಾಸವಾಗಿ ಲೋಕಸಭೆಗೆ ಹೋದರು. ಠೇವಣಿಯ ಲೆಕ್ಕಕ್ಕೂ ನೋಟಾ ಬರುವುದಿಲ್ಲ. ಪಟ್ಟಿಯಲ್ಲಿ ಒಬ್ಬರಾದರೂ ಯೋಗ್ಯರು ಕಂಡರೆ ಅವರಿಗೇ ಹಾಕಿ ಎನ್ನುತ್ತೇನೆ. ಒಬ್ಬರೂ ಕಾಣದಿದ್ದರೆ ನೋಟಾ ಇದೆ. ಮನೆಯಲ್ಲಿ ಕುಳಿತುಕೊಳ್ಳುವುದಕ್ಕಿಂತ ಅದು ಮೇಲು.

ಪ್ರಶ್ನೆ: ನಮ್ಮದು ಸಣ್ಣ ಊರು, ಬೂತಿನಲ್ಲಿ ನಾನೂರು ಓಟು. ಗೆಲ್ಲದ ಅಭ್ಯರ್ಥಿಗೆ ನಮ್ಮ ಬೂತಿನಲ್ಲಿ ಎರಡೋ ಮೂರೋ ಬಿದ್ದರೆ ಅದು ಯಾರದೆಂದು ಊರಿನವರು ಹುಡುಕುತ್ತಾರೆ. ನಮ್ಮ ಸ್ವಸಹಾಯ ಸಂಘದ ಸಾಲ, ಮನೆಯ ಮಂಜೂರಾತಿ ಎಲ್ಲ ಅವರ ಕೈಯಲ್ಲೇ ಇದೆ. ಭಯವಾಗುತ್ತದೆ. — ಗೃಹಿಣಿ, ಹುಣಸೂರು ತಾಲ್ಲೂಕು

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ ತಾಯಿ, ಅದನ್ನು ಹುಸಿ ಎನ್ನಲಾರೆ. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಚೀಟಿ ಕಲೆಸಿ ಎಣಿಸುವ ಕ್ರಮವಿತ್ತು. ಯಂತ್ರ ಬಂದ ಮೇಲೆ ಬೂತಿನ ಲೆಕ್ಕ ಬೂತಿಗೇ ಸಿಗುತ್ತದೆ. ಹಲವು ಯಂತ್ರಗಳ ಓಟನ್ನು ಒಟ್ಟಿಗೆ ಕೂಡಿಸಿ ತೋರಿಸುವ ಸಾಧನ ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಸರ್ಕಾರಕ್ಕೆ ಹೇಳಿತ್ತು, ಕಾನೂನು ಆಯೋಗವೂ 2015ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬಂದಿಲ್ಲ. ಬರಬೇಕು, ನಿಮ್ಮಂಥ ಹೆಣ್ಣುಮಕ್ಕಳಿಗಾಗಿಯೇ ಬರಬೇಕು.

ಆದರೆ ಅವರಿಗೆ ತಿಳಿಯುವುದು ಎಷ್ಟು ಓಟು ಎಂದು ಮಾತ್ರ. ಯಾರದೆಂದು ಯಂತ್ರದಲ್ಲಿ ಇರುವುದಿಲ್ಲ. ನೀವು ಸಹಿ ಮಾಡುವ ಪುಸ್ತಕಕ್ಕೂ ನೀವು ಒತ್ತುವ ಗುಂಡಿಗೂ ಸಂಬಂಧವಿಲ್ಲ. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಕಾಣುವ ಚೀಟಿಯಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ ಇರುತ್ತದೆ, ನಿಮ್ಮ ಹೆಸರಿರುವುದಿಲ್ಲ. ಗೋಪ್ಯ ಮುರಿದ ಸಿಬ್ಬಂದಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 128ನೆಯ ಕಲಮಿನಡಿ ಮೂರು ತಿಂಗಳವರೆಗೆ ಜೈಲಿದೆ. ಹಾಕಿ ಬಂದ ಮೇಲೆ ಬಾಯಿ ಬಿಡಬೇಡಿ, ಸಂಘದ ಗೆಳತಿಯರ ಮುಂದೆ ಕೂಡ.

ಇನ್ನೊಂದು. ಒಳಗೆ ಹೋದಾಗ ರಟ್ಟಿನ ಮರೆಯ ಹಿಂದೆ ಕಿಟಕಿ ತೆರೆದಿದ್ದರೆ, ಅಥವಾ ಏಜೆಂಟರು ಕುಳಿತ ಬೆಂಚಿನಿಂದ ನಿಮ್ಮ ಕೈ ಕಾಣುವಂತಿದ್ದರೆ, ಗುಂಡಿ ಒತ್ತುವ ಮೊದಲು ಮತಗಟ್ಟೆ ಅಧಿಕಾರಿಗೆ ಗಟ್ಟಿಯಾಗಿ ಹೇಳಿ. ನನಗೆ ಹಾಗೆ ಇಬ್ಬರು ಹೆಂಗಸರು ಹೇಳಿದ್ದರು. ಎರಡು ಸಲವೂ ಸಾಲನ್ನು ನಿಲ್ಲಿಸಿ, ಮೇಜನ್ನು ಗೋಡೆಯ ಮೂಲೆಗೆ ಎಳೆಸಿದ್ದೆ.